ಬಿಟ್ಟಿ ಪುಸ್ತಕ, ಬಿಡುಗಡೆಯಾದ ಪುಸ್ತಕ

ಕನ್ನಡದಲ್ಲಿ ಒಂದು ಒಳ್ಳೆಯ ಕಾದಂಬರಿ ಬಂದು, ನಾಲ್ಕು ಜನ ಅದರ ಬಗ್ಗೆ ಮಾತಾಡೋಕೆ ಶುರು ಮಾಡಿದರೆ ಸಾಕು, ಐದನೆಯವನು ಗ್ರೂಪಿಗೆ ಬಂದು ಕೇಳುತ್ತಾನೆ: "ಪಿಡಿಎಫ್ ಇದ್ಯಾ ಗುರು?" ಕೇಳಿದ ಹತ್ತು ನಿಮಿಷಕ್ಕೆ ಯಾರೋ ಪುಣ್ಯಾತ್ಮರು ಕಳಿಸಿಯೂ ಬಿಟ್ಟಿರುತ್ತಾರೆ. ಅದರ ಕೆಳಗೆ ಕೈಮುಗಿಯುವ ಇಮೋಜಿಗಳ ಸಾಲು. ಬರೆದವರ ಹೆಸರು ಯಾರೂ ಎತ್ತುವುದಿಲ್ಲ. ನಮಸ್ಕಾರವೆಲ್ಲ ಸ್ಕ್ಯಾನ್ ಮಾಡಿದ ಮಹಾನುಭಾವನಿಗೆ.

ಇದನ್ನು ಕಳ್ಳತನ ಅಂತ ಬೈದು ಅಂಕಣ ಮುಗಿಸಿಬಿಡಬಹುದು. ಬೈದವರು ಬೇಕಾದಷ್ಟು ಜನ ಇದ್ದಾರೆ, ಅದರಿಂದ ಗ್ರೂಪುಗಳೇನೂ ಕಮ್ಮಿ ಆಗಿಲ್ಲ. ನನ್ನ ತಕರಾರು ಸ್ವಲ್ಪ ಬೇರೆ. ಇವತ್ತು ಇಂಟರ್ನೆಟ್ಟಿನಲ್ಲಿ ಎರಡು ಥರದ ಕನ್ನಡ ಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಒಂದು, ಲೇಖಕರ ಹಕ್ಕು ಇನ್ನೂ ಇರುವಾಗಲೇ ಯಾರೋ ಹರಿಯಬಿಟ್ಟವು. ಇನ್ನೊಂದು, ಹಕ್ಕಿನ ಅವಧಿ ಮುಗಿದು, ಅಥವಾ ಹಕ್ಕುದಾರರೇ ಮನಸಾರೆ ಬಿಟ್ಟುಕೊಟ್ಟು, ನಿಜಕ್ಕೂ ನಮ್ಮೆಲ್ಲರದ್ದಾದವು. ನಮ್ಮದಲ್ಲದ ಪುಸ್ತಕ ಒಂದು ಫಾರ್ವರ್ಡಿಗೆ ಸಿಕ್ಕಿಬಿಡುತ್ತದೆ. ನಮ್ಮದೇ ಆದ ಪುಸ್ತಕ ಅರ್ಧ ದಿನ ಹುಡುಕಿದರೂ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಈ ಉಲ್ಟಾ ಲೆಕ್ಕ ಹೇಗಾಯ್ತು, ಇದರಿಂದ ಏನು ಕಳ್ಕೊಳ್ತಿದ್ದೀವಿ ಅನ್ನುವುದೇ ಈ ಬರಹದ ವಿಷಯ.

ಇಂಗ್ಲಿಷಿನಲ್ಲಿ ಎರಡಕ್ಕೂ 'ಫ್ರೀ' ಅಂತಾರೆ. ಆ ಒಂದು ಪದ ಮಾಡಿರುವ ಗೊಂದಲ ಬಿಡಿಸೋಕೆ ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ದಶಕಗಳಿಂದ ಭಾಷಣ ನಡೆಯುತ್ತಲೇ ಇದೆ. ಕನ್ನಡಕ್ಕೆ ಆ ಕಷ್ಟ ಇಲ್ಲ. ನಮ್ಮಲ್ಲಿ ಬಿಟ್ಟಿ ಬೇರೆ, ಬಿಡುಗಡೆ ಬೇರೆ. 'ಬಿಟ್ಟಿ' ಪದದ ಮೂಲ 'ವಿಷ್ಟಿ'. ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಹಳ್ಳಿ ಕಡೆ ಇವತ್ತಿಗೂ 'ಬಿಟ್ಟಿ ಚಾಕರಿ' ಅನ್ನೋದು ಇದೇ ಅರ್ಥದಲ್ಲಿ. ಪಡೆದವನಿಗೆ ಅದು ಪುಕ್ಕಟೆ, ದುಡಿದವನಿಗೆ ಕೂಲಿ ಸಿಗದ ದಿನ. ಹಾಗಾಗಿ ಯಾವುದೇ ಫ್ರೀ ಪುಸ್ತಕ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಕೂಲಿ ಯಾರು ಕೊಟ್ಟರು?

ಮೊದಲು ಬಿಟ್ಟಿಯ ಲೆಕ್ಕ ನೋಡೋಣ. ಒಂದು ಪುಸ್ತಕದ ಬೆಲೆ 200 ರೂಪಾಯಿ, ಅಚ್ಚಾದದ್ದು 1000 ಪ್ರತಿ, ಲೇಖಕರ ಗೌರವಧನ ಶೇ. 10 ಅಂತ ಇಟ್ಟುಕೊಳ್ಳಿ. ಅಷ್ಟೂ ಪ್ರತಿ ಖರ್ಚಾದರೆ ಬರೆದವರ ಕೈಗೆ 20,000 ರೂಪಾಯಿ. ನಮ್ಮಲ್ಲಿ ಬಹಳ ಜನರಿಗೆ ಅದು ಒಂದು ವೀಕೆಂಡ್ ಟ್ರಿಪ್ಪಿನ ಖರ್ಚು. "ಫ್ರೀಯಾಗಿ ಓದಿದವರೆಲ್ಲ ಹೇಗೂ ಕೊಳ್ತಿರಲಿಲ್ಲ ಬಿಡಿ" ಅನ್ನುವ ವಾದ ಇದೆ. ನಿಜ, ಎಲ್ಲರೂ ಕೊಳ್ಳುತ್ತಿರಲಿಲ್ಲ. ಆದರೆ ಲಕ್ಷಗಟ್ಟಲೆ ಮಾರುವ ಇಂಗ್ಲಿಷ್ ಪುಸ್ತಕಕ್ಕೆ ನೂರು ಪ್ರತಿ ಹೋದರೆ ಸೊಳ್ಳೆ ಕಚ್ಚಿದ ಹಾಗೆ. ಸಾವಿರ ಪ್ರತಿಯ ಕನ್ನಡ ಪುಸ್ತಕಕ್ಕೆ ನೂರು ಅಂದರೆ ಹತ್ತನೇ ಒಂದು ಪಾಲು. ಗೋಡೌನಿನಲ್ಲಿ ಆ ನೂರು ಪ್ರತಿ ಉಳಿದರೆ ಪ್ರಕಾಶಕರು ಎರಡನೇ ಮುದ್ರಣದ ಮಾತೇ ಎತ್ತುವುದಿಲ್ಲ. ಒಂದು ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನರ ತನಕ ಇರಬಹುದು ಅನ್ನುವುದನ್ನೂ ಜೊತೆಗೆ ನೆನಪಿಟ್ಟುಕೊಳ್ಳಿ.

ಈಗ ಬಿಡುಗಡೆಯ ಲೆಕ್ಕ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಲೇಖಕರು ಬದುಕಿರುವಾಗ ಪ್ರಕಟವಾದ ಪುಸ್ತಕದ ಮೇಲಿನ ಹಕ್ಕು ಅವರು ತೀರಿಹೋದ ಮೇಲೆ 60 ವರ್ಷ ಇರುತ್ತದೆ. ಎಣಿಕೆ ಶುರುವಾಗುವುದು ತೀರಿಹೋದ ಮುಂದಿನ ಜನವರಿ 1ರಿಂದ. ಮೊದಲು ಈ ಅವಧಿ 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ಇನ್ನೇನು ಮುಗೀತು ಅನ್ನುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಿದರು. ನಮಗೆ ಬೇಕಾದ ಸೂತ್ರ ಸರಳ. ತೀರಿಹೋದ ಇಸವಿಗೆ 61 ಸೇರಿಸಿ, ಆ ವರ್ಷದ ಜನವರಿ 1ಕ್ಕೆ ಪುಸ್ತಕ ಎಲ್ಲರದ್ದು.

ಬಿ.ಎಂ.ಶ್ರೀ. ಮತ್ತು ಟಿ.ಪಿ. ಕೈಲಾಸಂ ಇಬ್ಬರೂ ತೀರಿಕೊಂಡದ್ದು 1946ರಲ್ಲಿ, ಬಿಡುಗಡೆ 2007ಕ್ಕೆ. ಮಂಜೇಶ್ವರ ಗೋವಿಂದ ಪೈ 1963, ಬಿಡುಗಡೆ 2024. ಡಿ.ವಿ.ಜಿ. 1975, ಅವರಿಗೆ 2036ರ ತನಕ ಕಾಯಬೇಕು. ಬೇಂದ್ರೆ 2042. ಕುವೆಂಪು 2055. ಅಷ್ಟು ಹೊತ್ತಿಗೆ ಇದನ್ನು ಓದುತ್ತಿರುವ ನೀವು ಪಿಎಫ್ ದುಡ್ಡು ಎತ್ತಿಕೊಂಡು, ಊರಲ್ಲಿ ತೋಟ ಮಾಡ್ತೀನಿ ಅಂತ ಹೊರಟಿರುತ್ತೀರಿ.

ಗೋವಿಂದ ಪೈಗಳ ಜೊತೆಗೇ, ಅದೇ 2024ರ ಜನವರಿ 1ರಂದು, ಇನ್ನೊಬ್ಬರೂ ಬಿಡುಗಡೆಯಾದರು. ತ್ರಿವೇಣಿ. 1963ರಲ್ಲಿ, 35 ತುಂಬುವ ಮೊದಲೇ ಹೋಗಿಬಿಟ್ಟವರು. ಅಷ್ಟು ಚಿಕ್ಕ ಆಯುಷ್ಯದಲ್ಲಿ 'ಬೆಕ್ಕಿನ ಕಣ್ಣು', 'ಬೆಳ್ಳಿ ಮೋಡ', 'ಶರಪಂಜರ'ದಂಥ ಕಾದಂಬರಿ ಬರೆದರು. ಹೆಂಗಸಿನ ಮನಸ್ಸಿನ ಕಾಯಿಲೆಯನ್ನು ದೆವ್ವ, ಭೂತ ಅನ್ನದೆ ಕಾಯಿಲೆ ಅಂತಲೇ ಕಂಡು ಬರೆದರು. ಪುಟ್ಟಣ್ಣ ಕಣಗಾಲ್ 1971ರಲ್ಲಿ ಮಾಡಿದ 'ಶರಪಂಜರ' ಸಿನಿಮಾ ಗೊತ್ತಿಲ್ಲದ ಮನೆ ಕನ್ನಡನಾಡಲ್ಲಿ ಕಮ್ಮಿ. (ಸಿನಿಮಾದ ಹಕ್ಕು ಬೇರೆ, ಅದು ಪುಸ್ತಕದ ಜೊತೆ ಬಿಡುಗಡೆ ಆಗುವುದಿಲ್ಲ.) ಆ ದಿನ ನನ್ನ ಫೋನಿಗೆ ನೂರಾರು ಹೊಸ ವರ್ಷದ ಶುಭಾಶಯ ಬಂದವು, ಹೂವಿನ ಚಿತ್ರ ಬಂದವು. ತ್ರಿವೇಣಿಯವರ ಪುಸ್ತಕಗಳು ಇವತ್ತಿಂದ ನಮ್ಮೆಲ್ಲರವು ಅಂತ ಒಂದೇ ಒಂದು ಮೆಸೇಜು ಬರಲಿಲ್ಲ. ಪಿಡಿಎಫ್ ಗ್ರೂಪುಗಳಿಂದಲೂ ಬರಲಿಲ್ಲ. ಬಿಟ್ಟಿಗೆ ಇರುವ ಜೋಶ್ ಬಿಡುಗಡೆಗೆ ಇಲ್ಲ.

ಮಾರನೇ ವರ್ಷದ ಜನವರಿ 1ಕ್ಕೆ ಫ.ಗು. ಹಳಕಟ್ಟಿಯವರ ಸರದಿ. ವಿಜಯಪುರದಲ್ಲಿ ವಕೀಲರಾಗಿದ್ದವರು, ತೀರಿಕೊಂಡದ್ದು 1964ರಲ್ಲಿ. ಮನೆ ಮನೆ, ಮಠ ಮಠ ಸುತ್ತಿ ಓಲೆಗರಿ ಸೇರಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. ಆಮೇಲೆ ಸ್ವಂತ ಮುದ್ರಣಾಲಯ ಹಾಕೋಕೆ ಇದ್ದ ಮನೆ ಮಾರಿದರು. ಕೂಲಿ ಯಾರು ಕೊಟ್ಟರು ಅನ್ನುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ನಮ್ಮ ಪುಸ್ತಕ ಲೋಕದಲ್ಲಿ ಇನ್ನೊಂದಿಲ್ಲ. ವಚನಗಳನ್ನು ಬರೆದ ಶರಣರಿಗೆ ಕೃತಿಸ್ವಾಮ್ಯದ ಗೊಡವೆ ಇರಲಿಲ್ಲ. ಆದರೆ ಯಾರೂ ಓದಲಾಗದ ಹಾಗೆ ಓಲೆಗರಿಯಲ್ಲಿ ಉಳಿದಿದ್ದರೆ ಅವು 'ಫ್ರೀ' ಆಗಿದ್ದೂ ಏನು ಬಂತು? ಒಬ್ಬರು ಮನೆ ಮಾರಿದ ಮೇಲೇ ಅವು ನಮ್ಮ ಕೈಗೆ ಬಂದವು.

ಓಲೆಗರಿಯ ಕಾಲದ ಈ ಸಮಸ್ಯೆ ಇವತ್ತು ಪಿಡಿಎಫ್ ರೂಪದಲ್ಲಿ ವಾಪಸ್ ಬಂದಿದೆ. ಅದು ಅರ್ಥವಾಗಬೇಕಾದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕಥೆ ಗೊತ್ತಿರಬೇಕು. 2000ದ ದಶಕದ ಶುರುವಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕ ಸ್ಕ್ಯಾನ್ ಮಾಡುವ ಯೋಜನೆ ಹಾಕಿದರು. ಅದರ ಭಾರತದ ಭಾಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಡೆಯಿತು. ದೇಶದ ಗ್ರಂಥಾಲಯಗಳಿಂದ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು, ಅದರಲ್ಲಿ ಕನ್ನಡದವೂ ಸಾವಿರಾರು. ಗೆದ್ದಲು ಹಿಡಿಯಬೇಕಿದ್ದ ಎಷ್ಟೋ ಪುಸ್ತಕ ಇವತ್ತು ಉಳಿದಿರೋದು ಈ ಕೆಲಸದಿಂದ. ಆ ಋಣ ದೊಡ್ಡದು.

ಆದರೆ ಪುಸ್ತಕ ಉಳಿಸುವುದೇ ಒಂದು ಕೆಲಸ, ಓದುಗನಿಗೆ ಮುಟ್ಟಿಸುವುದೇ ಇನ್ನೊಂದು. ಅಲ್ಲಿ ಪ್ರತಿ ಪುಟವೂ ಒಂದೊಂದು ಟಿಫ್ ಚಿತ್ರ. ಇಡೀ ಪುಸ್ತಕ ಒಟ್ಟಿಗೆ ಇಳಿಸಿಕೊಳ್ಳೋಕೆ ಓದುಗರೇ ಸ್ಕ್ರಿಪ್ಟ್ ಬರೆದುಕೊಳ್ಳುವ ಪರಿಸ್ಥಿತಿ. ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕೂತವರಿಗೆ ತೋಚಿದ ಕಾಗುಣಿತದಲ್ಲಿ ದಾಖಲಿಸಿದ್ದರು. ಒಂದೇ ಕಾದಂಬರಿ ಮೂರು ಹೆಸರಲ್ಲಿ ಸಿಕ್ಕರೂ ಸಿಕ್ಕೀತು, ಲೇಖಕರ ಹೆಸರಿನ ಜಾಗ ಖಾಲಿ ಇದ್ದರೂ ಇದ್ದೀತು. ಮೂಲ ಜಾಲತಾಣ ಮುಚ್ಚಿದ ಮೇಲೆ ಈಗ ಅದರ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಹೆಸರಿನ ರಗಳೆಯೂ ಅದರ ಜೊತೆಗೇ ಅಲ್ಲಿಗೆ ಹೋಗಿದೆ. ನೀವು ಕನ್ನಡ ಅಕ್ಷರಗಳಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಕನ್ನಡ ಅಕ್ಷರವೇ ಇಲ್ಲ. ಸಂಚಯ ಅನ್ನುವ ಕನ್ನಡ ತಂತ್ರಜ್ಞರ ಬಳಗ 'ಸಮೂಹ ಸಂಚಯ' ಅಂತ ಮಾಡಿ, ಸಾರ್ವಜನಿಕರಿಂದಲೇ ಈ ಹೆಸರುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಿದ್ದಿಸಿ, 'ಪುಸ್ತಕ ಸಂಚಯ' ಕಟ್ಟಿತು. ನೋಡಿ, ಸಾವಿರಾರು ಪುಸ್ತಕಗಳಿಗೆ ಅವುಗಳ ಸ್ವಂತ ಹೆಸರು ವಾಪಸ್ ಕೊಡಿಸೋಕೆ ಒಂದು ಪ್ರತ್ಯೇಕ ಯೋಜನೆ ಬೇಕಾಯ್ತು!

ಹೆಸರು ಸರಿಹೋದರೂ ಒಳಗಿರುವುದು ಚಿತ್ರ. ಅದರಲ್ಲಿ ಪದ ಹುಡುಕೋಕೆ ಆಗಲ್ಲ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದಾಚೆ ಓಡುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದು ಬರೀ ಖಾಲಿ ಹಾಳೆ. ಒಸಿಆರ್ ಇದೆಯಲ್ಲ ಅಂತೀರಿ. ಇದೆ, ಮೊದಲಿಗಿಂತ ಎಷ್ಟೋ ಪಾಲು ಚೆನ್ನಾಗೂ ಆಗಿದೆ. ಆದರೂ ಮಸಿ ಹರಡಿದ ಹಳೇ ಅಚ್ಚಿನಲ್ಲಿ ಒತ್ತಕ್ಷರ ಬಂದ ಕಡೆ ಎಡವುತ್ತದೆ. ಇನ್ನು ಕಂಪ್ಯೂಟರಿನಲ್ಲೇ ಟೈಪಾದ ಪುಸ್ತಕಗಳ ಕಥೆ ಇನ್ನೂ ತಮಾಷೆ. ಯುನಿಕೋಡ್ ಅಲ್ಲದ ಹಳೇ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಅಂಟಿಸಿ ನೋಡಿ, ತಲೆ ಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ.

ಚಿತ್ರವನ್ನು ಪಠ್ಯ ಮಾಡುವ ಕೆಲಸ ಎಲ್ಲಿ ನಡೆಯುತ್ತದೆ ಅಂದರೆ ಕನ್ನಡ ವಿಕಿಸೋರ್ಸ್‌ನಲ್ಲಿ. ಅಲ್ಲಿನ ವಿಧಾನ ನಮ್ಮಂಥವರಿಗೆ ತೀರಾ ಪರಿಚಿತ. ಎಡಕ್ಕೆ ಪಠ್ಯ, ಬಲಕ್ಕೆ ಸ್ಕ್ಯಾನಿನ ಪುಟ. ಯಾರೂ ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಬೇರೊಬ್ಬರು ಅದನ್ನು ಮತ್ತೆ ಪರಿಶೀಲಿಸಿದರೆ ಹಸಿರು. ತಿದ್ದಿದವರೇ ಹಸಿರು ಮಾಡುವ ಹಾಗಿಲ್ಲ. ನಾವು ಆಫೀಸಿನಲ್ಲಿ ದಿನಾ ಮಾಡುವ ಕೋಡ್ ರಿವ್ಯೂ ತಾನೇ ಇದು? ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಹೀಗೇ ಬಿಟ್ಟುಕೊಟ್ಟಿದ್ದಾರೆ. ಹೀಗೆ ದೊಡ್ಡ ಮನಸ್ಸು ಮಾಡಿದವರು ಇದ್ದಾರೆ. ಕಮ್ಮಿ ಇರೋದು ಕೂತು ತಿದ್ದುವವರು. ಪಿಡಿಎಫ್ ಗ್ರೂಪಿಗೆ ಸೇರೋಕೆ ಇರುವ ಸಾವಿರಾರು ಜನರಲ್ಲಿ ಹತ್ತು ಜನ ಇಲ್ಲಿಗೆ ಬಂದರೂ ಚಿತ್ರ ಬದಲಾಗುತ್ತದೆ.

ಪಠ್ಯ ಆದರೆ ಏನು ಲಾಭ ಅನ್ನುವವರು 'ವಚನ ಸಂಚಯ'ಕ್ಕೆ ಒಮ್ಮೆ ಹೋಗಿ ಬನ್ನಿ. ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಾಹಿತ್ಯದ ಪಠ್ಯವನ್ನು ಯುನಿಕೋಡಿಗೆ ತಂದು ಹುಡುಕುವ ಹಾಗೆ ಮಾಡಿದ್ದಾರೆ. ಇಪ್ಪತ್ತು ಸಾವಿರದಷ್ಟು ವಚನ ಅಲ್ಲಿವೆ. 'ಬಿತ್ತು', 'ಮಡಕೆ', 'ಕೂಲಿ' ಅಂತ ಯಾವ ಪದ ಬೇಕಾದರೂ ಹಾಕಿ, ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಅಂತ ಕಣ್ಣ ಮುಂದೆ ಬರುತ್ತದೆ. ಹಿಂದೆ ಒಬ್ಬ ಸಂಶೋಧಕ ವರ್ಷಗಟ್ಟಲೆ ಕಾರ್ಡು ಬರೆದು ಮಾಡಬೇಕಾಗಿದ್ದ ಕೆಲಸವನ್ನು ಈಗ ಹಾಸ್ಟೆಲ್ ರೂಮಿನಲ್ಲಿ ಕೂತ ಹುಡುಗಿ ಮಾಡಬಹುದು. ವಚನಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದವರು ಹಳಕಟ್ಟಿ, ಅಚ್ಚಿನಿಂದ ಇಲ್ಲಿಗೆ ತಂದವರು ಇವರು. ಇದು ನಾನು ಹೇಳುತ್ತಿರುವ ಬಿಡುಗಡೆ. ಪುಸ್ತಕ ಫ್ರೀ ಅಷ್ಟೇ ಆಗಲಿಲ್ಲ, ಹೊಸ ಥರ ಓದುವುದಕ್ಕೆ ತೆರೆದುಕೊಂಡಿತು.

ಪಕ್ಕದ ಮನೆ ಕಡೆ ಸ್ವಲ್ಪ ನೋಡೋಣ. ತಮಿಳರು 1998ರ ಪೊಂಗಲ್ ದಿನ 'ಮದುರೈ ಯೋಜನೆ' ಶುರು ಮಾಡಿದರು. ಸ್ವಿಟ್ಜರ್ಲೆಂಡಿನಲ್ಲಿದ್ದ ವಿಜ್ಞಾನಿ ಕೆ. ಕಲ್ಯಾಣಸುಂದರಂ ಮುಂದೆ ನಿಂತರು, ದೇಶ ವಿದೇಶಗಳಲ್ಲಿದ್ದ ತಮಿಳರು ಸಂಜೆ ಹೊತ್ತು ಕೂತು ಹಳೆಯ ಕೃತಿಗಳನ್ನು ಟೈಪ್ ಮಾಡಿದರು. ಕಲ್ಯಾಣಸುಂದರಂ ಅವರಂಥವರು ನಮ್ಮಲ್ಲೂ ಇದ್ದಾರೆ ಅನ್ನಿ. ಅಲ್ಲಿನ ಸರ್ಕಾರ ಮಾಡುವುದನ್ನು ಮಾತ್ರ ನಮ್ಮದು ಮಾಡಿಲ್ಲ. ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು 1949ರಲ್ಲೇ ಅಲ್ಲಿನ ಸರ್ಕಾರ ಪಡೆದುಕೊಂಡು, ಮುಂದೆ ಜನರಿಗೆ ಬಿಟ್ಟುಕೊಟ್ಟಿತು. ಅಲ್ಲಿಂದ ಈಚೆಗೆ ನೂರಕ್ಕೂ ಹೆಚ್ಚು ಲೇಖಕರ ಕೃತಿಗಳನ್ನು, ವಾರಸುದಾರರಿಗೆ ಹಣ ಕೊಟ್ಟು, ನಾಡಿನ ಆಸ್ತಿ ಅಂತ ಘೋಷಿಸಿದೆ. ಕೂಲಿ ಯಾರು ಕೊಟ್ಟರು? ಸರ್ಕಾರ, ಅಂದರೆ ಎಲ್ಲರೂ ಸೇರಿ. 60 ವರ್ಷ ಕಾಯದೆ, ಯಾರ ಜೇಬಿಗೂ ಕತ್ತರಿ ಹಾಕದೆ ಪುಸ್ತಕ ಬಿಡುಗಡೆ ಮಾಡುವ ಈ ದಾರಿ ನಮಗೂ ತೆರೆದಿದೆ.

ಇಷ್ಟೆಲ್ಲ ಹೇಳಿದ ಮೇಲೂ ಪಿಡಿಎಫ್ ಕೇಳುವವರ ಪರವಾಗಿ ಒಂದು ಮಾತು ಉಳಿಯುತ್ತದೆ. ಅದನ್ನು ಪಕ್ಕಕ್ಕೆ ಸರಿಸೋಕೆ ನನಗೆ ಮನಸ್ಸು ಬರಲ್ಲ, ಯಾಕೆಂದರೆ ನಾನು ಬೆಳೆದ ಊರಿನಲ್ಲಿ ಪುಸ್ತಕದಂಗಡಿ ಇರಲಿಲ್ಲ, ಈಗಲೂ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಪುಸ್ತಕ ಅಂದರೆ ಗೈಡು, ನೋಟ್ಸು, ಎಫ್‌ಡಿಎ ಎಸ್‌ಡಿಎ ಪರೀಕ್ಷೆಯ ಪ್ರಶ್ನೋತ್ತರ. ಅಂಥ ಊರಿನ ಹುಡುಗನ ಕೈಯಲ್ಲಿ ಡೇಟಾ ಇರುವ ಫೋನಿದೆ, ಕಾದಂಬರಿ ಓದುವ ಆಸೆಯೂ ಇದೆ. ಅವನಿಗೆ ನಾವು "ಕೊಂಡು ಓದಪ್ಪಾ" ಅಂತ ಬೆಂಗಳೂರಿನಿಂದ ಉಪದೇಶ ಮಾಡೋದು ಸುಲಭ. ಅಚ್ಚಿನಲ್ಲೇ ಇಲ್ಲದ ಪುಸ್ತಕವನ್ನು ಯಾರೇ ಆಗಲಿ ಎಲ್ಲಿಂದ ಕೊಳ್ಳಬೇಕು? ಬಿಟ್ಟಿ ಪಿಡಿಎಫ್ ಹುಟ್ಟುವುದು ಬರೀ ಜಿಪುಣತನದಿಂದ ಅಲ್ಲ. ಬಿಡುಗಡೆಯಾದ ಪುಸ್ತಕವನ್ನು ಅವನ ಫೋನಿಗೆ ಮುಟ್ಟಿಸಬೇಕಾದವರು ಮುಟ್ಟಿಸದೇ ಇದ್ದಾಗ ಆ ಖಾಲಿ ಜಾಗಕ್ಕೆ ಅದು ಬಂದು ಕೂರುತ್ತದೆ.

ಮುಟ್ಟಿಸಬೇಕಾದವರು ಯಾರು? ಬೆಂಗಳೂರಲ್ಲಿ ಸ್ವಂತ ಫ್ಲ್ಯಾಟ್ ಇರುವವರು ಏಪ್ರಿಲ್ ಬಂತು ಅಂದರೆ ಶೇ. 5 ರಿಯಾಯಿತಿ ತಪ್ಪಬಾರದು ಅಂತ ಆಸ್ತಿ ತೆರಿಗೆ ಕಟ್ಟಲು ಓಡುತ್ತೀರಲ್ಲ, ಆ ರಸೀದಿಯನ್ನು ಒಮ್ಮೆ ಬಿಡಿಸಿ ನೋಡಿ. ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಇರುತ್ತದೆ. ಗ್ರಂಥಾಲಯ ಯಾವತ್ತೂ ಬಿಟ್ಟಿ ಅಲ್ಲ, ನಾವೆಲ್ಲ ಸೇರಿ ಕೂಲಿ ಕೊಟ್ಟು ನಡೆಸುವ ವ್ಯವಸ್ಥೆ. ಅದೇ ಹಣದ ಒಂದು ಪಾಲಿನಲ್ಲಿ ಹಕ್ಕು ಮುಗಿದ ಕನ್ನಡ ಪುಸ್ತಕಗಳನ್ನು ಪಠ್ಯವಾಗಿ ತಿದ್ದಿಸಿ ಹೊರಗಿಡಿ, ಅಚ್ಚಿನಲ್ಲಿಲ್ಲದ ಪುಸ್ತಕಗಳ ಹಕ್ಕು ಕೊಂಡುಕೊಳ್ಳಿ ಅಂತ ಕೇಳುವ ಅಧಿಕಾರ ನಮಗಿದೆ. ಟ್ರಾಫಿಕ್ಕು, ಗುಂಡಿ, ಕಸ ಎಲ್ಲದಕ್ಕೂ ಟ್ಯಾಗ್ ಮಾಡಿ ಜಗಳ ಆಡುತ್ತೀವಿ. ಇದನ್ನು ಮಾತ್ರ ಕೇಳುವುದಿಲ್ಲ.

ಸರ್ಕಾರ ಮಾಡುವ ತನಕ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಪುಸ್ತಕ ಬರೆದವರು ಬದುಕಿದ್ದರೆ, ಅದು ಅಂಗಡಿಯಲ್ಲೋ ಇ-ಬುಕ್ ಆಗಿಯೋ ಸಿಗುತ್ತಿದ್ದರೆ, ಕೊಳ್ಳುವ ಶಕ್ತಿ ಇರುವ ನಾವು ಕೊಳ್ಳೋಣ. ಗ್ರೂಪಿನಲ್ಲಿ ಯಾರಾದರೂ ಪಿಡಿಎಫ್ ಕೇಳಿದಾಗ ಪುಸ್ತಕ ಸಿಗುವ ಜಾಗದ ಕೊಂಡಿ ಹಾಕೋಣ. ಹಕ್ಕು ಮುಗಿದ ಪುಸ್ತಕವಾದರೆ ಧಾರಾಳವಾಗಿ ಹಂಚಿ, ಆದರೆ ಹಂಚುವ ಮೊದಲು ಫೈಲಿಗೆ ಕನ್ನಡದಲ್ಲಿ ಹೆಸರಿಡಿ, ಲೇಖಕರ ಹೆಸರು, ಪ್ರಕಟವಾದ ಇಸವಿ ಬರೆಯಿರಿ. ಹೊಸ ಮುದ್ರಣಕ್ಕೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳ ಹಕ್ಕು ಬೇರೆ ಇರುತ್ತದೆ, ಅದನ್ನು ಬಿಟ್ಟು ಹಂಚಿ. ಸಾಧ್ಯವಾದರೆ ವಾರಕ್ಕೊಂದು ಪುಟ ತಿದ್ದಿ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುವ ಹೊತ್ತು ಅದಕ್ಕೆ ಧಾರಾಳವಾಯ್ತು.

ಎ.ಆರ್. ಕೃಷ್ಣಶಾಸ್ತ್ರಿಗಳು ತೀರಿಕೊಂಡದ್ದು 1968ರಲ್ಲಿ. 'ವಚನ ಭಾರತ' ಬರೆದು, ಮಹಾಭಾರತವನ್ನು ತಿಳಿಗನ್ನಡದಲ್ಲಿ ಮನೆಮನೆಗೂ ಮುಟ್ಟಿಸಿದವರು. ಸೂತ್ರ ಗೊತ್ತಲ್ಲ, 61 ಸೇರಿಸಿ. 2029ರ ಜನವರಿ 1, ಸೋಮವಾರ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಟ್ಟುಕೊಳ್ಳಿ. ಆ ದಿನ ಹೂವಿನ ಚಿತ್ರದ ಬದಲು ಆ ಪುಸ್ತಕವನ್ನೇ ಕಳಿಸಬಹುದು, ನಾಲ್ಕು ಜನ ಈಗಿಂದಲೇ ತಿದ್ದೋಕೆ ಕೂತರೆ.